ನೆನಪಿಲ್ಲದ ಐವತ್ತು ನಿಮಿಷ

ಹನ್ನೊಂದು ವರ್ಷ ನಾನು ಬಾಯಿಯ ಎಡಭಾಗದಲ್ಲಷ್ಟೇ ಅಗಿದೆ. ಬಲಗಡೆಯ ಕೆಳದವಡೆಯಲ್ಲಿ ಎರಡು ಹಲ್ಲುಗಳು ಹುಳುಕಾಗಿದ್ದವು. ಒಂದರಲ್ಲಿ ನಾಲಗೆಯ ತುದಿ ಇಳಿಯುವಷ್ಟು ದೊಡ್ಡ ಗುಳಿ. ಆ ಗುಳಿಯ ಅಂಚುಗಳೆಲ್ಲ ನಾಲಗೆಗೆ ಬಾಯಿಪಾಠ. ಯಾವ ಮೂಲೆ ಚೂಪು, ಯಾವ ಗೋಡೆ ಕಳೆದ ತಿಂಗಳು ಮುರಿದು ಬಿತ್ತು, ತಣ್ಣೀರು ಎಲ್ಲಿ ತಾಗಿದರೆ ತಲೆಯವರೆಗೆ ಜುಮ್ಮೆನ್ನುತ್ತದೆ, ಎಲ್ಲವೂ ಅದಕ್ಕೆ ಗೊತ್ತಿತ್ತು. ನೀರು ಕುಡಿಯುವಾಗ ತಲೆಯನ್ನು ತುಸು ಎಡಕ್ಕೆ ವಾಲಿಸುವುದು ಎಷ್ಟು ರೂಢಿಯಾಗಿತ್ತೆಂದರೆ, ಅದನ್ನು ಗಮನಿಸಿದ ಸಹೋದ್ಯೋಗಿಯೊಬ್ಬರು "ಕುತ್ತಿಗೆ ನೋವೇ?" ಎಂದು ಕೇಳಿದ್ದರು. ಹೌದು ಎಂದುಬಿಟ್ಟೆ. ಕುತ್ತಿಗೆ ನೋವಿಗೆ ಒಂದು ಮರ್ಯಾದೆಯಿದೆ. ನಲವತ್ತು ದಾಟಿದವರು ಹಲ್ಲಿನ ಡಾಕ್ಟರಿಗೆ ಹೆದರುತ್ತಾರೆ ಎಂಬುದಕ್ಕೆ ಅದಿಲ್ಲ.

ನೋವಿಗೆ ಹೆದರಿ ಹೋಗುತ್ತಿಲ್ಲ ಎಂದೇ ಎಲ್ಲರೂ ತಿಳಿಯುತ್ತಾರೆ. ಆದರೆ ಆ ಲೆಕ್ಕ ಕೂಡುವುದೇ ಇಲ್ಲ. ಹನ್ನೊಂದು ವರ್ಷದಲ್ಲಿ ಆ ಎರಡು ಹಲ್ಲುಗಳು ನನಗೆ ಕೊಟ್ಟ ನೋವನ್ನು ಯಾವ ದಂತವೈದ್ಯರೂ ಒಂದು ಗಂಟೆಯಲ್ಲಿ ಕೊಡಲಾರರು. ರಾತ್ರಿ ಎರಡಕ್ಕೆ ಎದ್ದು, ಕೆನ್ನೆಗೆ ಒದ್ದೆ ಬಟ್ಟೆ ಒತ್ತಿಕೊಂಡು, ಗುಳಿಗೆ ಕೆಲಸ ಮಾಡಲು ಇನ್ನೆಷ್ಟು ನಿಮಿಷ ಎಂದು ಗಡಿಯಾರ ನೋಡುತ್ತ ಕುಳಿತ ಮನುಷ್ಯನನ್ನು ನೋವಿಗೆ ಹೆದರುವವನು ಎಂದು ಕರೆಯುವುದು ಸರಿಯಲ್ಲ. ಆ ನೋವು ನನ್ನದು, ನನ್ನ ಮನೆಯಲ್ಲಿ, ನನ್ನ ಹಿಡಿತದಲ್ಲಿ ಇತ್ತು. ನಾನು ಹೆದರಿದ್ದು ಆ ಒರಗು ಕುರ್ಚಿಗೆ.

ಅದರ ಮೂಲ ನನಗೆ ಚೆನ್ನಾಗಿ ಗೊತ್ತು. ನನಗೆ ಒಂಬತ್ತು ವರ್ಷವಿದ್ದಾಗ ಒಂದು ಹಾಲುಹಲ್ಲು ಬೀಳದೆ ಮೊಂಡು ಹಿಡಿದು ಕುಳಿತಿತ್ತು. ಅದನ್ನು ಕೀಳಿಸಲು ಕರೆದುಕೊಂಡು ಹೋದರು. "ಏನೂ ಆಗುವುದಿಲ್ಲ, ಸುಮ್ಮನೆ ನೋಡುತ್ತೇನೆ" ಎಂದರು ಡಾಕ್ಟರು. ಅವರ ಬೆನ್ನ ಹಿಂದಿದ್ದ ಕೈಯಲ್ಲಿ ಇಕ್ಕಳವಿತ್ತು. ನೋಯಿತು. ನಾನು ಕೈ ಎತ್ತಿದೆ. ಯಾರೋ ಆ ಕೈಯನ್ನು ಹಿಡಿದು ಕುರ್ಚಿಯ ತೋಳಿಗೆ ಒತ್ತಿದರು. ಅಷ್ಟೇ ಕಥೆ. ಒಟ್ಟು ಒಂದು ನಿಮಿಷವೂ ಆಗಿರಲಿಕ್ಕಿಲ್ಲ. ಹಲ್ಲು ಹೋದದ್ದು, ರಕ್ತ ಬಂದದ್ದು, ಮನೆಗೆ ಹೇಗೆ ಬಂದೆವು ಎಂಬುದು ಯಾವುದೂ ಸರಿಯಾಗಿ ನೆನಪಿಲ್ಲ. ಕೈಯನ್ನು ಕೆಳಗೊತ್ತಿದ ಆ ಬೆರಳುಗಳ ಬಿಸಿ ಮಾತ್ರ ಈಗಲೂ ಮಣಿಕಟ್ಟಿನ ಮೇಲಿದೆ.

ಬೇರೆ ಯಾವ ಚಿಕಿತ್ಸೆಯಲ್ಲೂ ಇಲ್ಲದ ವಿಚಿತ್ರ ಇಲ್ಲಿದೆ ನೋಡಿ. ಕಾಲಿಗೆ ಹೊಲಿಗೆ ಹಾಕುವಾಗ ಬಾಯಿ ನಮ್ಮದೇ. ಅಯ್ಯೋ ಎನ್ನಬಹುದು, ಸ್ವಲ್ಪ ನಿಲ್ಲಿಸಿ ಎನ್ನಬಹುದು, ಬೈಯಬಹುದು. ಹಲ್ಲಿನ ಕೆಲಸದಲ್ಲಿ ಮೊದಲು ಹೋಗುವುದೇ ಮಾತು. ಕಷ್ಟ ಬಂದಾಗ ಹಲ್ಲು ಕಚ್ಚಿಕೊಂಡು ಸಹಿಸು ಎನ್ನುತ್ತಾರಲ್ಲ, ಇಡೀ ಜಗತ್ತಿನಲ್ಲಿ ಆ ಉಪದೇಶ ಪಾಲಿಸಲಾಗದ ಒಂದೇ ಜಾಗ ಅದು. ಅಂಗಾತ ಮಲಗಿ, ಕಣ್ಣಿಗೆ ಬೆಳಕು ಬಿಟ್ಟು, ಬಾಯಿ ತೆರೆದು, ಇಬ್ಬರು ಮುಖಗವಸು ಹಾಕಿಕೊಂಡು ನಮ್ಮ ಮೇಲೆ ಬಾಗಿರುವಾಗ, ಎಷ್ಟು ವಯಸ್ಸಾದರೂ ಮನುಷ್ಯ ಒಂಬತ್ತು ವರ್ಷದವನೇ.

ಆ ಹನ್ನೊಂದು ವರ್ಷದಲ್ಲಿ ನಾನು ನಾಲ್ಕು ಸಲ ಸಮಯ ಗೊತ್ತುಮಾಡಿಕೊಂಡು ನಾಲ್ಕು ಸಲವೂ ತಪ್ಪಿಸಿದೆ. ಒಮ್ಮೆ ಕ್ಲಿನಿಕ್‌ನ ಬಾಗಿಲವರೆಗೆ ಹೋಗಿ, ಒಳಗಿನಿಂದ ಡ್ರಿಲ್‌ನ ಸದ್ದು ಕೇಳಿದ್ದೇ ಮೊಬೈಲ್ ಕಿವಿಗಿಟ್ಟು ಯಾರೋ ಕರೆದವರಂತೆ ಮಾತಾಡುತ್ತ ವಾಪಸು ನಡೆದೆ. ರಸ್ತೆಯ ತಿರುವು ದಾಟುವವರೆಗೂ ಆ ಸುಳ್ಳು ಕರೆಯನ್ನು ಮುಂದುವರಿಸಿದೆ. ಯಾರಿಗಾಗಿ ಆ ನಾಟಕ ಎಂದು ಈಗ ನಗು ಬರುತ್ತದೆ.

ಕೊನೆಗೆ ಹೋದದ್ದು ಕೀವು ತುಂಬಿ ಕೆನ್ನೆ ಊದಿದ ಮೇಲೆ, ಅಕ್ಕನ ಜೊತೆ. ಅಕ್ಕ ಫೋನಿನಲ್ಲಿ ಮೊದಲೇ ಹೇಳಿಟ್ಟಿದ್ದಳಂತೆ: "ಇವತ್ತು ಮಾತಾಡಲಿಕ್ಕಷ್ಟೇ ಬರುತ್ತೇವೆ." ಆ ವೈದ್ಯೆ ನನ್ನನ್ನು ಒರಗು ಕುರ್ಚಿಗೆ ಕರೆಯಲೇ ಇಲ್ಲ. ಮೇಜಿನ ಆಚೀಚೆ, ಸಾಧಾರಣ ಕುರ್ಚಿಗಳಲ್ಲಿ ಕುಳಿತೆವು. ಅವರು ಐದು ಪ್ರಶ್ನೆಗಳ ಹಾಳೆಯೊಂದನ್ನು ಮುಂದಿಟ್ಟರು. ನಾಳೆ ಚಿಕಿತ್ಸೆಗೆ ಹೋಗಬೇಕೆಂದರೆ ನಿಮಗೆ ಹೇಗನ್ನಿಸುತ್ತದೆ? ಹೊರಗೆ ಕಾಯುವಾಗ? ಡ್ರಿಲ್ ಮಾಡುವಾಗ? ಹಲ್ಲು ಸ್ವಚ್ಛಗೊಳಿಸುವಾಗ? ಒಸಡಿಗೆ ಸೂಜಿ ಚುಚ್ಚುವಾಗ? ಪ್ರತಿಯೊಂದಕ್ಕೂ ಒಂದರಿಂದ ಐದರವರೆಗೆ ಅಂಕ. ಒಟ್ಟು ಇಪ್ಪತ್ತೈದಕ್ಕೆ 19 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಅದು ಬರಿಯ ಅಳುಕಲ್ಲ, ವಿಪರೀತ ಭಯ. ನನಗೆ 22 ಬಂತು. ಶಾಲೆಯಲ್ಲಿ ಯಾವ ಪರೀಕ್ಷೆಯಲ್ಲೂ ಅಷ್ಟು ಬಂದಿರಲಿಲ್ಲ. ತಮಾಷೆಯೆಂದರೆ ಆ ಅಂಕ ನೋಡಿ ನನಗೆ ಹಗುರವಾಯಿತು. ನನ್ನ ಭಯವನ್ನು ಅಳೆಯಲು ಯಾರೋ ಅಳತೆಗೋಲು ಮಾಡಿಟ್ಟಿದ್ದಾರೆ ಎಂದರೆ, ನನಗಿಂತ ಮುಂಚೆ ಹೀಗೆ ಹೆದರಿದವರು ಸಾಕಷ್ಟು ಜನ ಇದ್ದರು ಎಂದಲ್ಲವೇ?

ಅವರು ಬಿಡಿಸಿ ಹೇಳಿದ ಮೊದಲ ವಿಷಯ, ನೋವು ಬೇರೆ, ಭಯ ಬೇರೆ, ಎರಡಕ್ಕೂ ಮದ್ದು ಬೇರೆ. ಒಸಡಿಗೆ ಕೊಡುವ ಅರಿವಳಿಕೆಯ ಚುಚ್ಚುಮದ್ದು ನರವನ್ನು ಮರಗಟ್ಟಿಸುತ್ತದೆ. ಮಂಪರು ಮದ್ದು ಮನಸ್ಸನ್ನು ಸಡಿಲಗೊಳಿಸುತ್ತದೆ. ಇದು ಬಂದರೆ ಅದು ಬೇಡ ಎಂದೇನಿಲ್ಲ. ಮಂಪರಿನಲ್ಲಿದ್ದರೂ ಹಲ್ಲಿಗೆ ಚುಚ್ಚುಮದ್ದು ಬೇಕೇ ಬೇಕು. ಹಾಗೆ ನೋಡಿದರೆ ಈ ಎರಡೂ ಒಂದಕ್ಕೊಂದು ತಳುಕು ಹಾಕಿಕೊಂಡಿವೆ. ತುಂಬ ದಿನ ಕೀವು ತುಂಬಿಕೊಂಡ ಜಾಗದಲ್ಲಿ ಆಮ್ಲೀಯತೆ ಹೆಚ್ಚಿರುವುದರಿಂದ ಅರಿವಳಿಕೆ ನರದೊಳಗೆ ಸರಿಯಾಗಿ ಇಳಿಯುವುದಿಲ್ಲ. ಅಂದರೆ ಹೆದರಿ ಹೆಚ್ಚು ತಡಮಾಡಿದವರಿಗೇ ಚುಚ್ಚುಮದ್ದು ಚೆನ್ನಾಗಿ ಹಿಡಿಯದೆ ಹೋಗುವ ಸಂಭವ ಜಾಸ್ತಿ. ಅವರಿಗೇ ನೋಯುತ್ತದೆ, ಅವರೇ ಮತ್ತೆ ಬರುವುದಿಲ್ಲ. ಭಯ ತನ್ನ ಸಾಕ್ಷಿಯನ್ನು ತಾನೇ ಹುಟ್ಟಿಸಿಕೊಳ್ಳುವ ಬಗೆ ಇದು. ಹಾಗಾಗಿ ಮೊದಲು ಕೀವು ಇಳಿಯಲು ಔಷಧ ಬರೆದುಕೊಟ್ಟು, ಊತ ತಗ್ಗಿದ ಮೇಲೆ ಮುಂದಿನ ಮಾತು ಎಂದರು.

ಆಮೇಲೆ "ಬಾಯಿ ತೆರೆಯಿರಿ" ಎಂದರು. ಎದೆ ಧಸಕ್ಕೆಂದಿತು. ಆದರೆ ಅವರು ಹಲ್ಲು ನೋಡಲೇ ಇಲ್ಲ. ನಾಲಗೆ ಚಾಚಿಸಿ, ಹಿಂದಿನ ಗಂಟಲನ್ನು ಒಂದು ಕ್ಷಣ ನೋಡಿ ಸಾಕು ಎಂದರು. ನಂತರ ಬಂದ ಪ್ರಶ್ನೆಗೆ ಉತ್ತರ ಕೊಟ್ಟವಳು ಅಕ್ಕ. "ರಾತ್ರಿ ಗೊರಕೆ ಹೊಡೆಯುತ್ತೀರಾ?" "ಗೋಡೆ ಅದುರುತ್ತದೆ" ಎಂದಳು. ವೈದ್ಯೆ ನಗಲಿಲ್ಲ, ಬರೆದುಕೊಂಡರು. ಗೊರಕೆ ಹೊಡೆಯುತ್ತ ನಡುನಡುವೆ ಉಸಿರು ಕಟ್ಟುತ್ತದೆಯೇ ಎಂದು ಎರಡೆರಡು ಸಲ ವಿಚಾರಿಸಿದರು. ಮಂಪರು ಮದ್ದಿನ ನಿಜವಾದ ಅಪಾಯ ಹಲ್ಲಿನ ಬಳಿ ಇಲ್ಲ, ಉಸಿರಿನ ದಾರಿಯಲ್ಲಿದೆ. ಮಂಪರು ಹೆಚ್ಚಿದಷ್ಟೂ ಗಂಟಲಿನ ಸ್ನಾಯುಗಳು ಸಡಿಲವಾಗುತ್ತವೆ, ಉಸಿರಾಟ ನಿಧಾನವಾಗುತ್ತದೆ. ನಿದ್ದೆಯಲ್ಲೇ ಉಸಿರು ಕಟ್ಟುವವರಿಗೆ, ಮೊದಲೇ ನಿದ್ದೆಗುಳಿಗೆ ಅಥವಾ ಬಲವಾದ ನೋವುನಿವಾರಕ ತೆಗೆದುಕೊಳ್ಳುತ್ತಿರುವವರಿಗೆ, ಮದ್ಯ ಕುಡಿದು ಬಂದವರಿಗೆ ಇದು ಚೆಲ್ಲಾಟವಲ್ಲ. ಬೇರೆ ಯಾರೂ ಕೇಳದ ಗೊರಕೆಯ ವಿಚಾರವನ್ನು ಕೇಳಿದ್ದಕ್ಕೇ ನನಗೆ ಅವರ ಮೇಲೆ ನಂಬಿಕೆ ಹುಟ್ಟಿತು ಎನ್ನಬೇಕು.

ದಾರಿ ಮೂರಿದ್ದವು. ಮೂಗಿನ ಮೂಲಕ ಎಳೆದುಕೊಳ್ಳುವ ನೈಟ್ರಸ್ ಆಕ್ಸೈಡ್, ಅಂದರೆ ನಗೆ ಅನಿಲ. ನುಂಗುವ ಗುಳಿಗೆ. ರಕ್ತನಾಳಕ್ಕೆ ಕೊಡುವ ಮಿಡಾಜೋಲಾಮ್ ಎಂಬ ಮಂಪರು ಮದ್ದು. ಗುಳಿಗೆ ಸುಲಭ ಎಂದು ನಾನು ಅದರ ಕಡೆ ವಾಲಿದೆ. ಅವರು ಒಪ್ಪಲಿಲ್ಲ. ನುಂಗಿದ ಗುಳಿಗೆ ಯಾರಿಗೆ ಯಾವಾಗ ಎಷ್ಟು ಹಿಡಿಯುತ್ತದೆ ಎಂದು ಹೇಳುವುದು ಕಷ್ಟ. ಸಾಲದಾದರೆ ತಟಕ್ಕನೆ ಹೆಚ್ಚಿಸಲಾಗದು, ಜಾಸ್ತಿಯಾದರೆ ಹೊಟ್ಟೆಯಿಂದ ವಾಪಸು ಪಡೆಯಲಾಗದು. ರಕ್ತನಾಳದಲ್ಲಾದರೆ ಸ್ವಲ್ಪ ಕೊಟ್ಟು, ಒಂದೆರಡು ನಿಮಿಷ ಕಾದು, ಮುಖ ನೋಡಿ, ಮತ್ತೆ ಸ್ವಲ್ಪ ಕೊಡಬಹುದು. ಅಗತ್ಯ ಬಿದ್ದರೆ ಅದರ ಪ್ರಭಾವವನ್ನು ತಿರುಗಿಸುವ ಫ್ಲುಮಾಜೆನಿಲ್ ಎಂಬ ಮದ್ದೂ ಕೈಯಳತೆಯಲ್ಲಿರುತ್ತದೆ. 22 ಅಂಕದವರಿಗೆ ಮೊದಲ ಸಲ ನಗೆ ಅನಿಲ ಸಾಲದೆ ಹೋಗಬಹುದು ಎಂದೂ ಅವರ ಅಂದಾಜು.

ನಗೆ ಅನಿಲದ ಹೆಸರು ಕೇಳಿ ಮನೆಗೆ ಬಂದವನು ಅದರ ಚರಿತ್ರೆ ಓದುತ್ತ ಕುಳಿತೆ. ಹೆದರಿದವರು ಓದುತ್ತಾರೆ, ಅದೂ ಒಂದು ಬಗೆಯ ತಪ್ಪಿಸಿಕೊಳ್ಳುವಿಕೆ. 1772ರಲ್ಲಿ ಜೋಸೆಫ್ ಪ್ರೀಸ್ಟ್ಲಿ ತಯಾರಿಸಿದ ಈ ಅನಿಲವನ್ನು ಹಂಫ್ರಿ ಡೇವಿ ಎಂಬ ಯುವಕ ತಾನೇ ಉಸಿರಾಡಿ ನೋಡಿದ. ಅವನಿಗೆ ಆಗ ಬುದ್ಧಿಹಲ್ಲು ಮೂಡುತ್ತಿತ್ತು, ಒಸಡು ಊದಿಕೊಂಡು ನೋಯುತ್ತಿತ್ತು. ಅನಿಲ ಎಳೆದುಕೊಂಡಾಗ ನೋವು ಮಾಯವಾಗುವುದನ್ನು ಗಮನಿಸಿದ. ಶಸ್ತ್ರಚಿಕಿತ್ಸೆಯಲ್ಲಿ ಇದನ್ನು ಬಳಸಬಹುದೇನೋ ಎಂದು 1800ರಲ್ಲಿ ಅಚ್ಚು ಹಾಕಿಸಿ ಹೇಳಿದ. ನಲವತ್ತನಾಲ್ಕು ವರ್ಷ ಯಾರೂ ಕಿವಿಗೊಡಲಿಲ್ಲ. ಅಷ್ಟು ಕಾಲ ಅದು ಜಾತ್ರೆಯಂಥ ಪ್ರದರ್ಶನಗಳಲ್ಲಿ ಜನರನ್ನು ನಗಿಸುವ ಸರಕಾಗಿತ್ತು.

1844ರ ಡಿಸೆಂಬರ್ 10ರಂದು ಅಮೆರಿಕದ ಹಾರ್ಟ್‌ಫರ್ಡ್‌ನಲ್ಲಿ ಅಂಥದೊಂದು ಪ್ರದರ್ಶನಕ್ಕೆ ಹೊರೇಸ್ ವೆಲ್ಸ್ ಎಂಬ ದಂತವೈದ್ಯ ಹೋದ. ಅನಿಲ ಎಳೆದುಕೊಂಡವನೊಬ್ಬ ಕುಣಿದಾಡಿ ಕಾಲಿಗೆ ಪೆಟ್ಟು ಮಾಡಿಕೊಂಡು, ರಕ್ತ ಸುರಿಯುತ್ತಿದ್ದರೂ ಅರಿವಿಲ್ಲದೆ ಬಂದು ಕುಳಿತದ್ದನ್ನು ವೆಲ್ಸ್ ನೋಡಿದ. ಇಡೀ ಸಭೆ ನಗುತ್ತಿದ್ದಾಗ ಅವನೊಬ್ಬ ಆ ಕಾಲನ್ನು ನೋಡುತ್ತಿದ್ದ. ಮರುದಿನವೇ ತನ್ನ ದವಡೆಹಲ್ಲನ್ನು ಇನ್ನೊಬ್ಬ ದಂತವೈದ್ಯನಿಂದ ಕೀಳಿಸಿಕೊಂಡ, ಅನಿಲದ ಚೀಲ ಬಾಯಿಗಿಟ್ಟುಕೊಂಡು. ನನಗೆ ಮೆಚ್ಚುಗೆಯಾದದ್ದು ಇದು. ರೋಗಿಯ ಮೇಲೆ ಪ್ರಯೋಗಿಸುವ ಮೊದಲು ಕುರ್ಚಿಯಲ್ಲಿ ತಾನು ಕುಳಿತ.

ಮುಂದಿನದು ದುಃಖದ ಕಥೆ. ಕೆಲವೇ ವಾರಗಳಲ್ಲಿ ಬಾಸ್ಟನ್‌ನಲ್ಲಿ ವೈದ್ಯ ವಿದ್ಯಾರ್ಥಿಗಳೆದುರು ಮಾಡಿ ತೋರಿಸಲು ಹೋದಾಗ, ಅನಿಲದ ಚೀಲವನ್ನು ಬೇಗನೆ ತೆಗೆದುಬಿಟ್ಟರು. ರೋಗಿ ಕೂಗಿಕೊಂಡ. ಸಭೆ ಮೋಸ ಮೋಸ ಎಂದು ಗೇಲಿ ಮಾಡಿತು. ತನಗೆ ಅಷ್ಟೇನೂ ನೋಯಲಿಲ್ಲ ಎಂದು ಆ ರೋಗಿ ಆಮೇಲೆ ಹೇಳಿದರೂ ಕೇಳುವವರಿರಲಿಲ್ಲ. 1846ರ ಅಕ್ಟೋಬರ್ 16ರಂದು ಅದೇ ಊರಿನಲ್ಲಿ ಈಥರ್ ಎಂಬ ಇನ್ನೊಂದು ಅರಿವಳಿಕೆ ಬಳಸಿ ಜಗತ್ತಿನ ಹೊಗಳಿಕೆ ಗೆದ್ದವನು ವೆಲ್ಸ್‌ನ ಹಳೆಯ ಜೊತೆಗಾರ ವಿಲಿಯಂ ಮಾರ್ಟನ್. ಅವನೂ ದಂತವೈದ್ಯನೇ. ವೆಲ್ಸ್ ಕ್ಲೋರೋಫಾರಂ ಚಟಕ್ಕೆ ಬಿದ್ದು, 1848ರಲ್ಲಿ ಸೆರೆಮನೆಯಲ್ಲಿ ತನ್ನ ಪ್ರಾಣವನ್ನು ತಾನೇ ಕಳೆದುಕೊಂಡ. ಆಗ ಅವನಿಗೆ ಮೂವತ್ತಮೂರು ವರ್ಷ. ಕೈಕಾಲು ಕತ್ತರಿಸುವ ಶಸ್ತ್ರವೈದ್ಯರಿಗಿಂತ ಹೆಚ್ಚಾಗಿ ಹಲ್ಲು ಕೀಳುವವರೇ ಯಾಕೆ ಇದರ ಬೆನ್ನುಹತ್ತಿದರು? ನನಗನ್ನಿಸುವುದು ಇಷ್ಟು. ಕಾಲು ಕೊಳೆತವನು ಶಸ್ತ್ರವೈದ್ಯನಿಂದ ಓಡಿಹೋಗಲಾರ. ಹಲ್ಲು ಕೊಳೆತವನು ಓಡಿಹೋಗುತ್ತಾನೆ, ವರ್ಷಗಟ್ಟಲೆ ಎಡಗಡೆಯಲ್ಲಿ ಅಗಿಯುತ್ತಾನೆ. ರೋಗಿಯ ಭಯವನ್ನು ಕಡೆಗಣಿಸಿದರೆ ಅಂಗಡಿ ಮುಚ್ಚಬೇಕಾದ ವೈದ್ಯರು ಇವರೊಬ್ಬರೇ.

ನಿಗದಿಯಾದ ದಿನ ಬಂತು. ಚಿಕಿತ್ಸೆಗೆ ಆರು ತಾಸು ಮುಂಚಿನಿಂದ ಏನೂ ತಿನ್ನಬಾರದು, ಎರಡು ತಾಸು ಮುಂಚಿನಿಂದ ನೀರೂ ಬೇಡ, ಜೊತೆಗೆ ದೊಡ್ಡವರೊಬ್ಬರು ಇರಲೇಬೇಕು, ಒಂದು ದಿನ ವಾಹನ ಓಡಿಸಬಾರದು, ಯಾವ ಮುಖ್ಯ ಕಾಗದಕ್ಕೂ ಸಹಿ ಹಾಕಬಾರದು. ಒಪ್ಪಿಗೆಯ ಪತ್ರಕ್ಕೆ ನಾಲ್ಕು ದಿನ ಮೊದಲೇ ಸಹಿ ಹಾಕಿಸಿಕೊಂಡಿದ್ದರು. ಅದರ ಹಿಂದಿನ ವಿವೇಕ ನನಗೆ ಆಗ ಹೊಳೆಯಲಿಲ್ಲ. ಮದ್ದು ಹಿಡಿದವನು ಹೂಂ ಎಂದರೆ ಅದು ಹೂಂ ಅಲ್ಲ.

ಬೆರಳಿಗೆ ಬಟ್ಟೆ ಒಣಗಿಸುವ ಕ್ಲಿಪ್ಪಿನಂಥದೊಂದನ್ನು ಸಿಕ್ಕಿಸಿದರು. ಅದರೊಳಗೆ ಕೆಂಪು ಬೆಳಕು, ಉಗುರಿನ ಅಂಚಿನಿಂದ ಕಾಣುತ್ತಿತ್ತು. ಪಕ್ಕದ ಪರದೆಯ ಮೇಲೆ ನನ್ನ ನಾಡಿ 124. ಅದು ಟಿಕ್ ಟಿಕ್ ಎಂದು ಸದ್ದು ಮಾಡುತ್ತಿತ್ತು. ತನ್ನ ಭಯವನ್ನು ತಾನೇ ಕಿವಿಯಾರೆ ಕೇಳಿ ಇನ್ನಷ್ಟು ಹೆದರುವ ಭಾಗ್ಯ ನನ್ನದಾಯಿತು. ವೈದ್ಯೆ ಅದನ್ನು ಗಮನಿಸಿ ಸದ್ದು ತಗ್ಗಿಸಿದರು. ತೋಳಿನಲ್ಲಿ ರಕ್ತದೊತ್ತಡದ ಪಟ್ಟಿ. ಮುಂಗೈಯಲ್ಲಿ ಸೂಜಿ, ಅದರ ಮೇಲೆ ಅಡ್ಡಡ್ಡ ಎರಡು ಬಿಳಿ ಅಂಟುಪಟ್ಟಿ. ಹಲ್ಲಿನ ಕೆಲಸಕ್ಕೆ ಅವರು, ಮದ್ದು ಮತ್ತು ಉಸಿರು ನೋಡಿಕೊಳ್ಳಲು ಅದಕ್ಕೆಂದೇ ಬಂದಿದ್ದ ಅರಿವಳಿಕೆ ತಜ್ಞರೊಬ್ಬರು. "ಸ್ವಲ್ಪ ಕೊಟ್ಟಿದ್ದೇನೆ. ಏನಾದರೂ ಅನ್ನಿಸುತ್ತಿದೆಯಾ?" ಎಂದು ಅವರು ಕೇಳಿದರು. ಇಲ್ಲ ಎಂದೆ. ಚಾವಣಿಯಲ್ಲಿ ಚೌಕಗಳಿದ್ದವು, ಒಂದರ ಮೂಲೆಯಲ್ಲಿ ನೀರಿನ ಕಲೆ. ಆ ಕಲೆ ಒಂದು ಕೊಕ್ಕಿನಂತಿದೆ, ಹಕ್ಕಿ ಯಾವುದು ಎಂದು ಯೋಚಿಸಿದೆ.

ಅಷ್ಟೇ. ಆಮೇಲಿನದು ಬಾಯಲ್ಲಿ ಹತ್ತಿ, ದಪ್ಪಗಾದ ತುಟಿ, ಅಕ್ಕನ ಮುಖ.

ಐವತ್ತು ನಿಮಿಷ ಕಳೆದಿತ್ತಂತೆ. ಒಂದು ಹಲ್ಲು ಹೋಗಿತ್ತು, ಇನ್ನೊಂದರ ರೂಟ್ ಕೆನಾಲ್ ಶುರುವಾಗಿ ತಾತ್ಕಾಲಿಕ ಸಿಮೆಂಟು ಕೂತಿತ್ತು. ನಾನು ನಿದ್ದೆ ಮಾಡಿರಲಿಲ್ಲ. ಬಾಯಿ ತೆರೆಯಿರಿ ಎಂದಾಗ ತೆರೆದೆ, ಈ ಕಡೆ ತಿರುಗಿ ಎಂದಾಗ ತಿರುಗಿದೆ, ಒಮ್ಮೆ ಆ ಹಕ್ಕಿ ಮರಕುಟಿಗ ಎಂದು ಸ್ಪಷ್ಟವಾಗಿ ಹೇಳಿದೆನಂತೆ. ಇಳಿಯುವಾಗ ಲಿಫ್ಟಿಗೆ ಧನ್ಯವಾದ ಅರ್ಪಿಸಿದ್ದು ಅಕ್ಕನ ಸಾಕ್ಷ್ಯ. ಕಾರಿನಲ್ಲಿ "ಹಲ್ಲು ಕಿತ್ತರಾ?" ಎಂದು ನಾಲ್ಕು ಸಲ ಕೇಳಿ, ನಾಲ್ಕು ಸಲವೂ ಉತ್ತರ ಕೇಳಿ ಆಶ್ಚರ್ಯಪಟ್ಟೆನಂತೆ. ಐದನೆಯ ಸಲ ಕೇಳಿದಾಗ "ಇಲ್ಲ, ಇನ್ನೂ ಇಬ್ಬರು ಬಾಕಿ ಇದ್ದಾರೆ" ಎಂದಳಂತೆ. ಅದಕ್ಕೂ ಸರಿ ಎಂದೆನಂತೆ.

ಮೊದಲೆರಡು ದಿನ ನಾನು ತೇಲಾಡಿದೆ. ಹನ್ನೊಂದು ವರ್ಷದ ಹೊರೆ ಕಣ್ಣು ಮುಚ್ಚಿ ತೆರೆಯುವುದರಲ್ಲಿ ಇಳಿದಿತ್ತು. ಮೂರನೆಯ ರಾತ್ರಿ ಒಂದು ಯೋಚನೆ ಬಂತು. ಆ ಐವತ್ತು ನಿಮಿಷದಲ್ಲಿ ನನಗೆ ನೋಯಿತೋ ಇಲ್ಲವೋ ನನಗೆ ಹೇಗೆ ಗೊತ್ತು? ಮಿಡಾಜೋಲಾಮ್ ಹಳೆಯ ನೆನಪನ್ನು ಅಳಿಸುವುದಿಲ್ಲ, ಹೊಸದನ್ನು ಬರೆದುಕೊಳ್ಳಲು ಬಿಡುವುದಿಲ್ಲ. ಮೆದುಳಿನಲ್ಲಿ ಗಾಬಾ ಎಂಬ ರಾಸಾಯನಿಕವಿದೆ, ನರಕೋಶಗಳ ಗಲಾಟೆಗೆ ಕಡಿವಾಣ ಹಾಕುವುದು ಅದರ ಕೆಲಸ. ಈ ಮದ್ದು ಆ ಕಡಿವಾಣವನ್ನು ಬಿಗಿ ಮಾಡುತ್ತದೆ. ಗಲಾಟೆ ಮಾಡುವ ಭಯವೂ ಸುಮ್ಮನಾಗುತ್ತದೆ, ದಿನಚರಿ ಬರೆಯುವ ಗುಮಾಸ್ತನೂ ಪೆನ್ನು ಕೆಳಗಿಡುತ್ತಾನೆ. ನಾನು ಅಲ್ಲಿ ಕೈ ಎತ್ತಿದ್ದೆನೇ? ಯಾರಾದರೂ ಹಿಡಿದು ಒತ್ತಿದರೇ? ಒಂಬತ್ತು ವರ್ಷದ ಮಗುವಿಗಾದರೂ ನೆನಪಿತ್ತು.

ಮುಂದಿನ ಭೇಟಿಯಲ್ಲಿ ಇದನ್ನೇ ಕೇಳಿದೆ, ತುಸು ಒರಟಾಗಿಯೇ ಕೇಳಿದೆ. ವೈದ್ಯೆ ಬೇಸರಿಸಿಕೊಳ್ಳದೆ ಅಂದಿನ ದಾಖಲೆಯ ಹಾಳೆ ತಂದು ಮುಂದಿಟ್ಟರು. ಐದೈದು ನಿಮಿಷಕ್ಕೊಮ್ಮೆ ನಾಡಿ, ಉಸಿರು, ರಕ್ತದೊತ್ತಡ, ಆಮ್ಲಜನಕ. 124ರಿಂದ ಶುರುವಾದ ನಾಡಿ ಮದ್ದು ಹಿಡಿದ ಮೇಲೆ 88, ಒಸಡಿಗೆ ಚುಚ್ಚಿದಾಗ ಒಮ್ಮೆ 97, ಹಲ್ಲು ಕೀಳುವಾಗ 80. ಅದರ ಪಕ್ಕ ಸಣ್ಣ ಅಕ್ಷರದಲ್ಲಿ "ಕೂಗಿದರೆ ಉತ್ತರಿಸುತ್ತಾರೆ, ನೆಮ್ಮದಿಯಾಗಿದ್ದಾರೆ". "ನೋವಾದರೆ ಮಂಪರಿನಲ್ಲಿದ್ದವರೂ ಮುಖ ಹಿಂಡುತ್ತಾರೆ, ತಲೆ ಎಳೆದುಕೊಳ್ಳುತ್ತಾರೆ, ನಾಡಿ ಏರುತ್ತದೆ. ಹೇಗೂ ಮರೆತುಬಿಡುತ್ತಾರೆ ಎಂಬ ಧೈರ್ಯದಲ್ಲಿ ಕೆಲಸ ಮಾಡುವವರು ಈ ಮದ್ದನ್ನು ಮುಟ್ಟಲೇಬಾರದು" ಎಂದರು. ನಾನು ಆ ಹಾಳೆಯನ್ನು ಬಹಳ ಹೊತ್ತು ನೋಡಿದೆ. ನನ್ನದೇ ಜೀವನದ ಐವತ್ತು ನಿಮಿಷ, ಬೇರೆಯವರ ಕೈಬರಹದಲ್ಲಿ. ಅದನ್ನು ನಂಬುವುದೊಂದೇ ದಾರಿ. ನಂಬಿದೆ.

ಆದರೆ ಇನ್ನೊಂದು ಸಂಗತಿಯನ್ನು ಆ ಹಾಳೆ ಬಗೆಹರಿಸಲಿಲ್ಲ. ಎರಡನೆಯ ಭೇಟಿಯ ದಿನ ಬಾಗಿಲ ಬಳಿ ಬಂದಾಗ ಕೈಕಾಲು ಮೊದಲಿನಷ್ಟೇ ತಣ್ಣಗಿದ್ದವು, ಡ್ರಿಲ್‌ನ ಸದ್ದಿಗೆ ಹೊಟ್ಟೆ ಮೊದಲಿನಂತೆಯೇ ತೊಳಸಿತು. ಒಮ್ಮೆ ದಾಟಿ ಬಂದವನಿಗೆ ಹೊಳೆಯ ಆಳ ಗೊತ್ತಿರಬೇಕಲ್ಲವೇ? ನನಗೆ ಗೊತ್ತಿರಲಿಲ್ಲ. ನನ್ನನ್ನು ಯಾರೋ ಹೊತ್ತು ದಾಟಿಸಿದ್ದರು, ಕಾಲಿಗೆ ನೀರು ತಾಗಿರಲಿಲ್ಲ. ಭಯ ಕಲಿತದ್ದನ್ನು ಮರೆಯಬೇಕಾದರೆ ಅದರ ಎದುರಿಗೆ ಹೊಸ ನೆನಪೊಂದನ್ನು ಇಡಬೇಕು. ಈ ಮದ್ದು ಇಡಲು ಏನನ್ನೂ ಉಳಿಸಿರಲಿಲ್ಲ. ಬಾಯಿ ರಿಪೇರಿಯಾಗಿತ್ತು, ಭಯ ಹಾಗೇ ಇತ್ತು. ಮಂಪರು ಚಿಕಿತ್ಸೆಯ ಬಗ್ಗೆ ಉತ್ಸಾಹದಿಂದ ಮಾತಾಡುವವರು ಈ ಮಾತನ್ನು ಹೇಳುವುದು ಕಡಿಮೆ. ನಿದ್ದೆಯಲ್ಲೇ ಹಲ್ಲು ಸರಿಮಾಡಿಸಿಕೊಳ್ಳಿ ಎನ್ನುವ ಜಾಹೀರಾತುಗಳಂತೂ ನನಗೆ ಸಿಟ್ಟು ತರಿಸುತ್ತವೆ. ಅದು ನಿದ್ದೆಯಲ್ಲ. ತುಸು ಮಂಪರು, ಮಾತಿಗೆ ಓಗೊಡುವ ಮಂಪರು, ಅಲುಗಿಸಿದರಷ್ಟೇ ಎಚ್ಚರವಾಗುವ ಆಳದ ಮಂಪರು, ಪೂರ್ತಿ ಪ್ರಜ್ಞೆ ತಪ್ಪಿಸುವ ಅರಿವಳಿಕೆ, ಇವು ಒಂದೇ ಇಳಿಜಾರಿನ ನಾಲ್ಕು ಹಂತ. ನಡುವೆ ಗೋಡೆಗಳಿಲ್ಲ, ಒಂದರಿಂದ ಇನ್ನೊಂದಕ್ಕೆ ಜಾರಬಹುದು. ಮಕ್ಕಳ ಉಸಿರಿನ ದಾರಿ ಕಿರಿದಾದ್ದರಿಂದ ಅವರು ಇನ್ನೂ ಬೇಗ ಜಾರುತ್ತಾರೆ. ಅದಕ್ಕೇ ಉಸಿರು ನೋಡಲೆಂದೇ ಒಬ್ಬರು, ಆಮ್ಲಜನಕ, ತುರ್ತಿನ ಸಲಕರಣೆ ಇವೆಲ್ಲ ಇರುವ ಕಡೆಯಷ್ಟೇ ಈ ಕೆಲಸ ಆಗಬೇಕು. ಬ್ರಿಟನ್‌ನಲ್ಲಿ ಸಾಮಾನ್ಯ ದಂತ ಚಿಕಿತ್ಸಾಲಯಗಳಲ್ಲಿ ಪೂರ್ತಿ ಪ್ರಜ್ಞೆ ತಪ್ಪಿಸುವುದನ್ನು 2001ರ ಕೊನೆಗೆ ನಿಲ್ಲಿಸಿ, ಅದನ್ನು ಆಸ್ಪತ್ರೆಗಳಿಗಷ್ಟೇ ಸೀಮಿತಗೊಳಿಸಿದ್ದು ಸುಮ್ಮನೆ ಅಲ್ಲ. ಅದರ ಹಿಂದೆ ಸಾವುಗಳಿದ್ದವು.

ನನ್ನ ತಕರಾರು ಕೇಳಿದ ವೈದ್ಯೆ, ಹಾಗಿದ್ದರೆ ಈ ಸಲ ನೆನಪಿರುವ ಮದ್ದು ಕೊಡೋಣ ಎಂದರು. ನಗೆ ಅನಿಲ.

ಮೂಗಿನ ಮೇಲೊಂದು ಮೆತ್ತನೆಯ ರಬ್ಬರಿನ ಟೋಪಿ. ಹೊಸ ಚೆಂಡಿನ ವಾಸನೆ. ಮೊದಲು ಬರಿಯ ಆಮ್ಲಜನಕ, ಆಮೇಲೆ ಸ್ವಲ್ಪ ಸ್ವಲ್ಪವಾಗಿ ಅನಿಲ. ಎಷ್ಟೇ ಏರಿಸಿದರೂ ಆಮ್ಲಜನಕ ಶೇಕಡ 30ಕ್ಕಿಂತ ಕೆಳಗಿಳಿಯದಂತೆ ಯಂತ್ರವೇ ತಡೆಯುತ್ತದಂತೆ. ಮೂಗು ಕಟ್ಟಿದ್ದರೆ, ಗರ್ಭಿಣಿಯಾಗಿದ್ದರೆ, ದೇಹದಲ್ಲಿ ಬಿ12 ವಿಟಮಿನ್ ಕಡಿಮೆಯಿದ್ದರೆ ಮೊದಲೇ ಹೇಳಬೇಕು. ಎರಡು ಮೂರು ನಿಮಿಷದಲ್ಲಿ ಕಾಲ್ಬೆರಳುಗಳಲ್ಲಿ ಜುಮುಜುಮು ಶುರುವಾಯಿತು. ಕಾಲುಗಳು ಭಾರವಾದವು, ಅದು ಸುಸ್ತಿನ ಭಾರವಲ್ಲ, ಬೇಸಗೆಯ ಮಧ್ಯಾಹ್ನ ಎದ್ದೇಳಲು ಮನಸ್ಸಿಲ್ಲದಾಗಿನ ಭಾರ. ನಗು ಬರಲಿಲ್ಲ, ಆ ಹೆಸರಿಟ್ಟವರ ಮೇಲೆ ದೂರಿದೆ. ಭಯ ಹೋಗಲೂ ಇಲ್ಲ. ಅದು ಕೋಣೆಯಲ್ಲೇ ಇತ್ತು, ಆದರೆ ಎದ್ದು ಹೋಗಿ ದೂರದ ಕುರ್ಚಿಯಲ್ಲಿ ಕುಳಿತಿತ್ತು. ಡ್ರಿಲ್‌ನ ಸದ್ದು ಪಕ್ಕದ ಮನೆಯದು ಅನ್ನಿಸಿತು.

ಶುರುಮಾಡುವ ಮೊದಲು ವೈದ್ಯೆ ಹೇಳಿದ್ದರು: "ನಿಲ್ಲಿಸಬೇಕು ಅನ್ನಿಸಿದರೆ ಎಡಗೈ ಎತ್ತಿ. ಕಾರಣ ಬೇಕಾಗಿಲ್ಲ." ಹತ್ತು ನಿಮಿಷವಾಗಿರಬೇಕು. ನನಗೆ ನೋವಿರಲಿಲ್ಲ, ಗಾಬರಿಯೂ ಇರಲಿಲ್ಲ. ಸುಮ್ಮನೆ ಕೈ ಎತ್ತಿದೆ. ಡ್ರಿಲ್ ಅರ್ಧ ಸೆಕೆಂಡಿನಲ್ಲಿ ನಿಂತಿತು. ಉಪಕರಣ ಬಾಯಿಯಿಂದ ಹೊರಬಂತು. "ಹೇಳಿ" ಎಂದರು. ಏನೂ ಇಲ್ಲ ಎಂದು ತಲೆಯಾಡಿಸಿದೆ. ಸರಿ ಎಂದು ಮುಂದುವರಿಸಿದರು. ಎರಡು ನಿಮಿಷ ಬಿಟ್ಟು ಮತ್ತೆ ಎತ್ತಿದೆ. ಮತ್ತೆ ನಿಂತಿತು. ಮೂರನೆಯ ಸಲ ಎತ್ತಿದಾಗ ಅವರಿಗೆ ಗೊತ್ತಾಗಿರಬೇಕು, ಮುಖಗವಸಿನ ಮೇಲಿನ ಕಣ್ಣುಗಳು ಚಿಕ್ಕದಾದವು. ಆದರೂ ನಿಲ್ಲಿಸಿದರು. ಕಾರಣ ಕೇಳಲಿಲ್ಲ. ನನ್ನ ಕಣ್ಣಂಚಿನಿಂದ ನೀರು ಕಿವಿಗೆ ಇಳಿಯಿತು. ಸಹಾಯಕಿ ಅದನ್ನು ಹತ್ತಿಯಿಂದ ಒರೆಸಿದರು, ಅದೂ ಚಿಕಿತ್ಸೆಯ ಭಾಗವೆಂಬಂತೆ.

ಕೊನೆಯ ಐದು ನಿಮಿಷ ಬರಿಯ ಆಮ್ಲಜನಕ ಕೊಟ್ಟರು. ಎಷ್ಟು ಬೇಗ ಬಂದಿತ್ತೋ ಅಷ್ಟೇ ಬೇಗ ಇಳಿದುಹೋಯಿತು. ರಕ್ತದಲ್ಲಿ ಅದು ಅಷ್ಟಾಗಿ ಕರಗುವುದಿಲ್ಲ, ಉಸಿರಿನಲ್ಲೇ ಹೊರಟುಹೋಗುತ್ತದೆ. ಅಂದು ಲಿಫ್ಟಿಗೆ ಏನೂ ಹೇಳದೆ ಕೆಳಗಿಳಿದೆ.

ಮೂರನೆಯ ಸಲ, ಕ್ಯಾಪ್ ಹಾಕಿಸಲು ಹೋದಾಗ, ಅನಿಲ ಬೇಕೇ ಎಂದು ಕೇಳಿದರು. ಟೋಪಿ ಮೂಗಿನ ಮೇಲಿರಲಿ, ಅನಿಲ ಬೇಡ ಎಂದೆ. ಅದಕ್ಕವರು ಬರಿಯ ಆಮ್ಲಜನಕವಷ್ಟೇ ಬಿಟ್ಟರು. ಚುಚ್ಚಿದಾಗ ಎದೆ ಜೋರಾಗಿ ಹೊಡೆದುಕೊಂಡಿತು. ಅದು ನಿಮ್ಮ ಭಯವಷ್ಟೇ ಅಲ್ಲ, ಮದ್ದಿನಲ್ಲಿರುವ ಅಡ್ರಿನಲಿನ್ ಕೂಡ, ಒಂದೆರಡು ನಿಮಿಷದಲ್ಲಿ ಇಳಿಯುತ್ತದೆ ಎಂದರು. ಇಳಿಯಿತು. ಎರಡು ಸಲ ಕೈ ಎತ್ತಿದೆ, ಎರಡೂ ನಿಜಕ್ಕೂ ಬೇಕಾಗಿಯೇ ಎತ್ತಿದ್ದು. ಅಂಗೈ ಬೆವರಿ ಕುರ್ಚಿಯ ತೋಳಿನ ಮೇಲೆ ಐದು ಬೆರಳಿನ ಗುರುತು ಮೂಡಿತ್ತು. ಏಳುವಾಗ ಅದನ್ನು ಅಂಗಿಯ ತೋಳಿನಿಂದ ಒರೆಸಿದೆ.

ಈಗ ಬಲಗಡೆ ಅಗಿಯುತ್ತೇನೆ. ನಾಲಗೆ ಇನ್ನೂ ಆಗಾಗ ಆ ಗುಳಿಯನ್ನು ಹುಡುಕಿಕೊಂಡು ಹೋಗಿ, ಕ್ಯಾಪಿನ ನುಣುಪು ತಾಗಿ ದಿಕ್ಕು ತಪ್ಪಿದಂತೆ ನಿಲ್ಲುತ್ತದೆ. ಮೇಲ್ದವಡೆಯ ಮೂಲೆಯಲ್ಲಿ ಓರೆಯಾಗಿ ಹೂತುಕೊಂಡ ಬುದ್ಧಿಹಲ್ಲೊಂದು ಎಕ್ಸ್‌ರೇಯಲ್ಲಿ ಕಂಡಿದೆ. ಮೂಳೆ ಸ್ವಲ್ಪ ಕೊರೆಯಬೇಕಾದೀತಂತೆ. ಅನಿಲ ಸಾಕಲ್ಲವೇ ಎಂದು ವೈದ್ಯೆ ಕೇಳಿದರು, ಮುಖದಲ್ಲಿ ಸ್ವಲ್ಪ ಹೆಮ್ಮೆಯೂ ಇತ್ತು. ನಾನು ರಕ್ತನಾಳದ ಮದ್ದೇ ಬೇಕೆಂದು ಅಲ್ಲೇ ಬರೆಸಿಬಂದೆ. ಆ ಒಂದು ಗಂಟೆಯನ್ನು ನೆನಪಿಟ್ಟುಕೊಳ್ಳುವ ಆಸೆ ನನಗಿಲ್ಲ.